ಬ್ರಾಂಚ್ ಬದಲಿಸಿದ ರಾಮಚಂದ್ರನ್

ಬ್ರಾಂಚ್ ಚೇಂಜ್ ಸಿಗುತ್ತಾ ಅಂತ ಆಫೀಸಿಗೆ ಅಲೆಯುವವರು ಪ್ರತಿ ಬ್ಯಾಚ್‌ನಲ್ಲೂ ಇರ್ತಾರೆ. 1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಇವತ್ತಿನ ಐಐಎಸ್‌ಸಿಗೆ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು ಬಂದ ಜಿ.ಎನ್. ರಾಮಚಂದ್ರನ್ ಮಾಡಿದ್ದೂ ಅದೇ. ಸ್ವಲ್ಪ ದಿನದಲ್ಲೇ ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗಕ್ಕೆ ಬದಲಾಯಿಸಿಕೊಂಡರು. ಹುಟ್ಟೂರು ಎರ್ನಾಕುಲಂ, ಹುಟ್ಟಿದ ವರ್ಷ 1922.

ರಾಮನ್ ಹತ್ತಿರ ಪಳಗಿ, ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮುಗಿಸಿ, 1949ರಲ್ಲಿ ಬೆಂಗಳೂರಿಗೆ ವಾಪಸ್ಸು ಬಂದರು. ಮೂವತ್ತು ತುಂಬುವ ಮೊದಲೇ, 1952ರಲ್ಲಿ, ಮದ್ರಾಸ್ ವಿಶ್ವವಿದ್ಯಾಲಯ ಅವರನ್ನು ಪ್ರೊಫೆಸರ್ ಮಾಡಿ ಕರೆಸಿಕೊಂಡಿತು. ಅಲ್ಲಿ ಹಿಡಿದ ಸಮಸ್ಯೆ ಕೊಲ್ಯಾಜೆನ್.

ಚರ್ಮ, ಮೂಳೆ, ಸ್ನಾಯುರಜ್ಜು ಎಲ್ಲಕ್ಕೂ ಬಿಗಿ ಕೊಡುವ ಪ್ರೋಟೀನ್ ಅದು. ನಮ್ಮ ಮಾವಳ್ಳಿ ಕಡೆಯ ಮಿಲಿಟರಿ ಹೋಟೆಲ್‌ಗಳಲ್ಲಿ ಕಾಲು ಸೂಪು ಆರಿದ ಮೇಲೆ ಗಟ್ಟಿಯಾಗೋದು ಅದರಿಂದಲೇ. ಆದರೆ ಅದರ ರಚನೆ ಆಗಿನ್ನೂ ಬಗೆಹರಿದಿರಲಿಲ್ಲ. ರಾಮಚಂದ್ರನ್‌ಗೆ ಸುಳಿವು ಸಿಕ್ಕಿದ್ದು ಒಂದು ಲೆಕ್ಕದಲ್ಲಿ. ಕೊಲ್ಯಾಜೆನ್‌ನಲ್ಲಿರುವ ಅಮೈನೋ ಆಮ್ಲಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಗ್ಲೈಸಿನ್, ಎಲ್ಲಕ್ಕಿಂತ ಚಿಕ್ಕದು. ಹಾಗಾದರೆ ಪ್ರತಿ ಮೂರನೇ ಜಾಗದಲ್ಲೂ ಗ್ಲೈಸಿನ್ನೇ ಕೂತಿರಬೇಕು. ಮೂರು ಎಳೆ ಸೇರುವಾಗ ಆ ಜಾಗ ಒಳಗಡೆ ಬರಬೇಕು, ಅಲ್ಲಿ ಬೇರೆ ಯಾವುದಕ್ಕೂ ಸ್ಥಳವಿಲ್ಲ. 1954ರಲ್ಲಿ ಗೋಪಿನಾಥ್ ಕರ್ತಾ ಜೊತೆ ಈ ಮೂರೆಳೆಯ ಮಾದರಿಯನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಎಳೆಗಳನ್ನು ಹಗ್ಗದ ಹಾಗೆ ಒಂದರ ಸುತ್ತ ಒಂದು ಹೊಸೆದು ತಿದ್ದಿದರು.

ಅದೇ ವರ್ಷ ಕೇಂಬ್ರಿಜ್‌ನಿಂದ ಪೆಟ್ಟು ಬಿತ್ತು. ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಹೆಚ್ಚುಕಡಿಮೆ ಅಂಥದೇ ರಚನೆ ಮುಂದಿಟ್ಟು, ಮದ್ರಾಸ್ ಮಾದರಿಯಲ್ಲಿ ಪರಮಾಣುಗಳು ತೀರಾ ಒತ್ತೊತ್ತಾಗಿವೆ, ಇದು ಆಗದ ಮಾತು ಎಂದರು. ಡಬಲ್ ಹೆಲಿಕ್ಸ್ ಕಂಡುಹಿಡಿದವನ ಎದುರು ಮದ್ರಾಸಿನ ಪ್ರೊಫೆಸರ್ ಮಾತು ಯಾರು ಕೇಳ್ತಾರೆ? ಮೂಲ ಕಲ್ಪನೆ ರಾಮಚಂದ್ರನ್ ಅವರದೇ. ಹೈಡ್ರೋಜನ್ ಬಂಧಗಳ ಲೆಕ್ಕದಲ್ಲಿ ಮಾತ್ರ ಕೊನೆಗೆ ನಿಂತಿದ್ದು ಕೇಂಬ್ರಿಜ್‌ನವರ ಮಾತು, ಇದನ್ನೂ ಹೇಳಲೇಬೇಕು.

ರಾಮಚಂದ್ರನ್ ಮುನಿಸಿಕೊಂಡು ಕೂರಲಿಲ್ಲ. ಪರಮಾಣುಗಳು ಎಷ್ಟು ಹತ್ತಿರ ಬಂದರೆ ತೀರಾ ಹತ್ತಿರ? ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆ ಆವರೆಗೆ ತಿಳಿದಿದ್ದ ಹರಳುಗಳ ಅಳತೆಗಳನ್ನೆಲ್ಲ ಗುಡ್ಡೆ ಹಾಕಿದರು. ಪ್ರೋಟೀನ್ ಸರಪಳಿಯ ಪ್ರತಿ ಕೊಂಡಿ ತಿರುಗುವುದು ಫೈ, ಸೈ ಎಂಬ ಎರಡು ಕೋನಗಳಲ್ಲಿ. ಎರಡನ್ನೂ ಗ್ರಾಫ್‌ಗೆ ಹಾಕಿ, ಪರಮಾಣುಗಳು ಡಿಕ್ಕಿ ಹೊಡೆಯದ ಜಾಗಗಳನ್ನು ಗುರುತಿಸಿದರು. 1963ರಲ್ಲಿ ಬಂದ ಆ ರಾಮಚಂದ್ರನ್ ಪ್ಲಾಟ್ ಇಲ್ಲದೆ ಇವತ್ತಿಗೂ ಯಾರೂ ಪ್ರೋಟೀನ್ ರಚನೆಯನ್ನು ಸರಿಯೆಂದು ಒಪ್ಪಲ್ಲ. ಜಗಳದಿಂದ ಇಂಥ ಲಾಭ ಅಪರೂಪ.

1970ರ ಹೊತ್ತಿಗೆ ಬೆಂಗಳೂರಿಗೆ ಮರಳಿ, ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಇಸಿಇಯವರು ಗಮನಿಸಿ: 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಜೊತೆ, ಎಕ್ಸ್-ರೇ ನೆರಳುಗಳಿಂದ ಒಳಗಿನ ಚಿತ್ರವನ್ನು ಫೂರಿಯರ್ ಟ್ರಾನ್ಸ್‌ಫಾರ್ಮ್ ಬದಲು ಕಾನ್ವೊಲ್ಯೂಷನ್‌ನಿಂದ ಕಟ್ಟುವ ದಾರಿ ತೋರಿಸಿದರು. ಸಿಟಿ ಸ್ಕ್ಯಾನ್ ಲೆಕ್ಕಾಚಾರಕ್ಕೆ ಅದು ದೊಡ್ಡ ಅನುಕೂಲವಾಯಿತು. ನೊಬೆಲ್ ಬರಲಿಲ್ಲ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ಸ್ ಕಾಡಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ಹೋದರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ಅವರೂ ತೀರಿಕೊಂಡರು.

ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಮಾನವ ಜಿನೋಮ್‌ನ ಕರಡು ಪ್ರಕಟವಾಗಿತ್ತು. ನೋಡಿದರೆ ಅದರಲ್ಲಿ ಸುಮಾರು ಅರ್ಧ ಬರೀ ಪುನರಾವರ್ತನೆ! ಸುಮಾರು 300 ಅಕ್ಷರದ 'ಅಲು' ಎಂಬ ತುಣುಕೇ 10 ಲಕ್ಷಕ್ಕೂ ಹೆಚ್ಚು ಸಲ ಇದೆ. ಆರ್‌ಎನ್‌ಎ ಪ್ರತಿಯಲ್ಲಿ ಒಂದಕ್ಕೊಂದು ತಿರುವುಮುರುವಾದ ಎರಡು ಅಲುಗಳು ಅಂಟಿಕೊಂಡು ಜೋಡಿ ಎಳೆಯಾದರೆ, ಒಂದು ಕಿಣ್ವ ಬಂದು ಅಲ್ಲಿನ 'ಎ' ಅಕ್ಷರಗಳನ್ನು ಇನೋಸಿನ್ ಆಗಿ ತಿದ್ದುತ್ತದೆ. ಜೀವಕೋಶ ಅದನ್ನು 'ಜಿ' ಅಂತ ಓದಿಕೊಳ್ಳುತ್ತೆ. ಮನುಷ್ಯರಲ್ಲಿ ಇಂಥ ತಿದ್ದುಪಡಿ ಬಹುಪಾಲು ನಡೆಯೋದು ಅಲುಗಳಲ್ಲೇ. ಅವು ಹೆಚ್ಚಾಗಿ ಪ್ರೋಟೀನ್ ಸಂಕೇತದ ಹೊರಗಿರುವುದರಿಂದ ಪ್ರೋಟೀನ್ ಕೆಡುವುದಿಲ್ಲ.

ಕೊಲ್ಯಾಜೆನ್ ಜೀನ್‌ನ ಪುನರಾವರ್ತನೆಗೆ ಆ ಸಲಿಗೆ ಇಲ್ಲ. ಗ್ಲೈಸಿನ್‌ನ ಸಂಕೇತ ಶುರುವಾಗುವುದು 'ಜಿಜಿ'ಯಿಂದ. ಹಾಗಾಗಿ ಸಂಕೇತದಲ್ಲಿ 9 ಅಕ್ಷರಕ್ಕೊಮ್ಮೆ 'ಜಿಜಿ', ಒಂದೊಂದು ಎಳೆಗೆ 300ಕ್ಕೂ ಹೆಚ್ಚು ಸಲ. ಆ ಪೈಕಿ ಡಿಎನ್‌ಎಯಲ್ಲಿ ಒಂದೇ ಒಂದು 'ಜಿ' ತಪ್ಪಿ 'ಎ' ಆಗಿ, ಗ್ಲೈಸಿನ್ ಬದಲು ಸೆರಿನ್ ಬಂತು ಅನ್ನಿ. ಸೆರಿನ್ ಸ್ವಲ್ಪವೇ ದೊಡ್ಡದು, ಆದರೂ ಹಗ್ಗ ಸರಿಯಾಗಿ ಹೊಸೆದುಕೊಳ್ಳುವುದಿಲ್ಲ. ಸಣ್ಣ ಏಟಿಗೂ ಮೂಳೆ ಮುರಿಯುವ ಕಾಯಿಲೆಯೊಂದಿಗೆ ಮಗು ಹುಟ್ಟಬಹುದು. ಕಾರಣ 1954ರಲ್ಲಿ ಮದ್ರಾಸಿನಲ್ಲಿ ಕಂಡದ್ದೇ: ಒಳಗಡೆ ಜಾಗ ಇಲ್ಲ.