ಗ್ರಂಥ ತೆರೆದದ್ದು ಸಭೆಯ ನಡುವೆ: ಸಂತ ಅಗಸ್ಟೀನರ ಬಾಳಿನಿಂದ



ಬೈಬಲ್ ಓದಲು ಕುಳಿತು, ನಾಲ್ಕು ಪುಟ ದಾಟುವಷ್ಟರಲ್ಲಿ ಅದನ್ನು ಮುಚ್ಚಿಟ್ಟ ಅನುಭವ ನಿಮಗಿದೆಯೇ? ಇದ್ದರೆ ನಾಚಿಕೆಪಡಬೇಡಿ. ಧರ್ಮಸಭೆಯ ಮಹಾಪಂಡಿತರಲ್ಲಿ ಒಬ್ಬರೆಂದು ನಾವು ಗೌರವಿಸುವ ಸಂತ ಅಗಸ್ಟೀನರೂ ಹಾಗೆಯೇ ಮಾಡಿದ್ದರು. ಅದೂ ಒಂದು ಸಲವಲ್ಲ, ಎರಡು ಸಲ. ತಾಯಿ ಮೋನಿಕಾಳ ಕಣ್ಣೀರು, ಮಗನ ದಾರಿತಪ್ಪಿದ ಯೌವನ, ಮಿಲಾನಿನ ತೋಟದಲ್ಲಿ ನಡೆದ ಮನಪರಿವರ್ತನೆ ಇವೆಲ್ಲವನ್ನೂ ನೀವು ಪ್ರಬೋಧನೆಗಳಲ್ಲಿ ಹಲವು ಬಾರಿ ಕೇಳಿರುತ್ತೀರಿ. ಆದರೆ ಮುಚ್ಚಿಟ್ಟ ಆ ಗ್ರಂಥ ಅವರಿಗೆ ಮತ್ತೆ ಹೇಗೆ ತೆರೆಯಿತು, ಯಾರ ನಡುವೆ ತೆರೆಯಿತು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಈ ವಾರ ಅದನ್ನೇ ನೋಡೋಣ.

ಒಂಟಿಯಾಗಿ ಓದಿದಾಗ

ಅಗಸ್ಟೀನರು ಹುಟ್ಟಿದ್ದು ಕ್ರಿ.ಶ. 354ರ ನವೆಂಬರ್ 13ರಂದು, ಉತ್ತರ ಆಫ್ರಿಕಾದ ತಗಾಸ್ತೆ ಎಂಬ ಊರಿನಲ್ಲಿ. ಇಂದಿನ ಅಲ್ಜೀರಿಯ ದೇಶದಲ್ಲಿರುವ ಆ ಊರಿನ ಈಗಿನ ಹೆಸರು ಸೂಕ್ ಅಹ್ರಾಸ್. ತಂದೆ ಪತ್ರೀಸಿಯುಸ್ ಆಗ ಕ್ರೈಸ್ತರಾಗಿರಲಿಲ್ಲ. ಸಾಯುವ ಮುನ್ನವಷ್ಟೇ ದೀಕ್ಷಾಸ್ನಾನ ಪಡೆದರು. ತಾಯಿ ಮೋನಿಕಾ ಭಕ್ತೆ. ಆಕೆ ಮಗುವಿಗೆ ಶಿಲುಬೆಯ ಗುರುತು ಹಾಕಿಸಿ, ನಾಲಗೆಗೆ ಉಪ್ಪು ಸೋಕಿಸಿ ದೀಕ್ಷಾರ್ಥಿಗಳ ಸಾಲಿಗೆ ಸೇರಿಸಿದರು. ದೀಕ್ಷಾಸ್ನಾನವನ್ನು ಮಾತ್ರ ಆ ಕಾಲದ ರೂಢಿಯಂತೆ ಮುಂದಕ್ಕೆ ಹಾಕಿದರು.

ಹುಡುಗ ಬುದ್ಧಿವಂತ. ಕಾರ್ಥೇಜ್ ನಗರಕ್ಕೆ ಹೋಗಿ ವಾಕ್ಚಾತುರ್ಯದ ವಿದ್ಯೆ ಕಲಿತ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ರೋಮಿನ ಹೆಸರಾಂತ ವಾಗ್ಮಿ ಸಿಸೆರೊ ಬರೆದ ಪುಸ್ತಕವೊಂದನ್ನು ಓದಿದಾಗ, ಜ್ಞಾನವನ್ನು ಅರಸಬೇಕೆಂಬ ಹಂಬಲ ಅವನಲ್ಲಿ ಹುಟ್ಟಿತು. ಆದರೆ ಆ ಪುಸ್ತಕದಲ್ಲಿ ಕ್ರಿಸ್ತನ ಹೆಸರಿರಲಿಲ್ಲ. ತಾಯಿಯ ಎದೆಹಾಲಿನೊಡನೆ ಬಂದ ಹೆಸರು ಅದು. ಅದಿಲ್ಲದೆ ಅವನಿಗೆ ತೃಪ್ತಿಯಾಗಲಿಲ್ಲ. ಆದ್ದರಿಂದ ಪವಿತ್ರ ಗ್ರಂಥವನ್ನು ಕೈಗೆತ್ತಿಕೊಂಡ.

ಓದಿದ, ಬೇಸರಪಟ್ಟ. ಆಗ ಬಳಕೆಯಲ್ಲಿದ್ದ ಹಳೆಯ ಲತೀನ್ ಅನುವಾದದ ಭಾಷೆ ಒರಟಾಗಿತ್ತು. ಸಿಸೆರೊನ ಗಂಭೀರ ಶೈಲಿಯ ಮುಂದೆ ಇದೇನು ಎನಿಸಿತು. ಗ್ರಂಥದ ಬಾಗಿಲು ತಗ್ಗಾಗಿತ್ತು, ಒಳಹೋಗಲು ತಲೆ ಬಾಗಿಸಬೇಕಿತ್ತು, ತಾನು ಬಾಗಲಿಲ್ಲ ಎಂದು ಮುಂದೆ ಅವರೇ ಒಪ್ಪಿಕೊಂಡರು. ಅಂದು ಆ ಯುವಕನ ಪಕ್ಕದಲ್ಲಿ ಕುಳಿತು ಅರ್ಥ ಹೇಳುವವರು ಯಾರೂ ಇರಲಿಲ್ಲ. ಅವನೂ ಯಾರನ್ನೂ ಕೇಳಲಿಲ್ಲ. ಹಳೆಯ ಒಡಂಬಡಿಕೆಯನ್ನು ಗೇಲಿ ಮಾಡುತ್ತಿದ್ದ ಮನಿಕೇಯರೆಂಬ ಪಂಥ, ವಿಶ್ವಾಸ ಬೇಡ, ಬುದ್ಧಿಯೊಂದೇ ಸಾಕು ಎಂದು ಆಸೆ ತೋರಿಸಿತು. ಸುಮಾರು ಒಂಬತ್ತು ವರ್ಷ ಅವರ ಹಿಂದೆ ಹೋದ.

ಮಿಲಾನಿನ ಸಭೆಯಲ್ಲಿ

384ರಲ್ಲಿ ಅಗಸ್ಟೀನರು ಇಟಲಿಯ ಮಿಲಾನ್ ನಗರಕ್ಕೆ ವಾಕ್ಚಾತುರ್ಯದ ಅಧ್ಯಾಪಕರಾಗಿ ಬಂದರು. ಅಲ್ಲಿನ ಧರ್ಮಾಧ್ಯಕ್ಷರು ಸಂತ ಅಂಬ್ರೋಸರು. ಅವರ ಪ್ರಬೋಧನೆ ಕೇಳಲು ಅಗಸ್ಟೀನರು ಹೋದದ್ದು ಭಕ್ತಿಯಿಂದಲ್ಲ, ಮಾತಿನ ಸೊಗಸು ಪರೀಕ್ಷಿಸಲು. ಆದರೆ ಮಾತಿನ ಜೊತೆಗೆ ವಿಷಯವೂ ಒಳಗಿಳಿಯತೊಡಗಿತು. ಮನಿಕೇಯರು ನಗೆಯಾಡುತ್ತಿದ್ದ ಹಳೆಯ ಒಡಂಬಡಿಕೆಯ ಭಾಗಗಳನ್ನೇ ಎತ್ತಿಕೊಂಡು, ಅಕ್ಷರದ ಹಿಂದಿರುವ ಆತ್ಮಿಕ ಅರ್ಥವನ್ನು ಅಂಬ್ರೋಸರು ಜನರಿಗೆ ಬಿಡಿಸಿ ಹೇಳುತ್ತಿದ್ದರು. ತಾನು ಇಷ್ಟು ವರ್ಷ ಅರ್ಥಮಾಡಿಕೊಳ್ಳದೆಯೇ ಹಳಿದೆ ಎಂಬುದು ಅಗಸ್ಟೀನರಿಗೆ ಹೊಳೆಯಿತು.

ಧರ್ಮಾಧ್ಯಕ್ಷರನ್ನು ಏಕಾಂತದಲ್ಲಿ ಕಂಡು ಸಂದೇಹಗಳನ್ನೆಲ್ಲ ಮುಂದಿಡಬೇಕೆಂಬ ಆಸೆ ಅವರಿಗಿತ್ತು. ಅದು ಈಡೇರಲಿಲ್ಲ. ಅಂಬ್ರೋಸರ ಸುತ್ತ ಸದಾ ಜನ. ಸಿಕ್ಕ ಅಲ್ಪ ಬಿಡುವಿನಲ್ಲಿ ಅವರು ಮೌನವಾಗಿ ಓದುತ್ತಾ ಕುಳಿತಿರುತ್ತಿದ್ದರು. ಹೀಗಾಗಿ ಆ ಮಹಾವಿದ್ವಾಂಸ ಪ್ರತಿ ಭಾನುವಾರ ಉಳಿದ ಭಕ್ತರ ನಡುವೆ ನಿಂತು ಕೇಳಬೇಕಾಯಿತು. ಅದೇ ಅವರಿಗೆ ಒಳ್ಳೆಯದಾಯಿತು.

ತಾಯಿ ಮೋನಿಕಾ ಮಿಲಾನಿಗೆ ಬಂದಾಗ ಆಕೆಗೊಂದು ಕಳವಳ. ತಮ್ಮ ಊರಿನಲ್ಲಿ ಶನಿವಾರ ಉಪವಾಸವಿರುತ್ತಿದ್ದರು, ಇಲ್ಲಿ ಇರುವುದಿಲ್ಲ. ಯಾವುದು ಸರಿ? ಮಗ ಹೋಗಿ ಅಂಬ್ರೋಸರನ್ನು ಕೇಳಿದರು. ತಾವು ರೋಮಿಗೆ ಹೋದಾಗ ಶನಿವಾರ ಉಪವಾಸ ಮಾಡುವುದಾಗಿಯೂ ಮಿಲಾನಿನಲ್ಲಿ ಮಾಡುವುದಿಲ್ಲವೆಂದೂ ಅಂಬ್ರೋಸರು ತಿಳಿಸಿದರು. ಯಾವ ಊರಿನ ಸಭೆಗೆ ಬರುತ್ತೀರೋ ಅಲ್ಲಿನ ಜನರೊಂದಿಗೆ ನಡೆಯಿರಿ ಎಂಬುದು ಅವರ ಸಲಹೆ. ಮೋನಿಕಾ ವಾದಿಸದೆ ಒಪ್ಪಿದರು. ಮಗ ಈ ಮಾತನ್ನು ಜೀವನವಿಡೀ ಮರೆಯಲಿಲ್ಲ.

ಗೋಡೆಗಳ ಪ್ರಶ್ನೆ

ಆ ದಿನಗಳಲ್ಲಿ ಸಿಂಪ್ಲಿಸಿಯಾನುಸ್ ಎಂಬ ಹಿರಿಯ ಗುರುಗಳು ಅಗಸ್ಟೀನರಿಗೆ ಒಂದು ನಿಜಕಥೆ ಹೇಳಿದರು. ರೋಮಿನಲ್ಲಿ ವಿಕ್ಟೋರಿನುಸ್ ಎಂಬ ದೊಡ್ಡ ಪಂಡಿತರಿದ್ದರು. ಅವರ ಕೀರ್ತಿ ಎಷ್ಟಿತ್ತೆಂದರೆ ನಗರದ ಚೌಕದಲ್ಲಿ ಅವರ ಪ್ರತಿಮೆ ನಿಲ್ಲಿಸಿದ್ದರು. ಮುಪ್ಪಿನಲ್ಲಿ ಅವರು ಪವಿತ್ರ ಗ್ರಂಥವನ್ನು ಆಳವಾಗಿ ಓದಿ, ತಾನೀಗ ಕ್ರೈಸ್ತನೇ ಎಂದು ಸಿಂಪ್ಲಿಸಿಯಾನುಸರಿಗೆ ಗುಟ್ಟಾಗಿ ತಿಳಿಸುತ್ತಿದ್ದರು. ನಿಮ್ಮನ್ನು ದೇವಾಲಯದಲ್ಲಿ ಕಾಣುವವರೆಗೆ ನಂಬುವುದಿಲ್ಲ ಎಂದು ಇವರ ಉತ್ತರ. ಹಾಗಾದರೆ ಗೋಡೆಗಳು ಕ್ರೈಸ್ತರನ್ನು ಮಾಡುತ್ತವೆಯೇ ಎಂದು ಪಂಡಿತರು ನಗುತ್ತಿದ್ದರು. ನಿಜವಾಗಿ ಅವರನ್ನು ತಡೆದದ್ದು ದೊಡ್ಡವರಾದ ಗೆಳೆಯರ ಭಯ. ಕಡೆಗೊಂದು ದಿನ, ದೇವಾಲಯಕ್ಕೆ ಹೋಗೋಣ ಬನ್ನಿ ಎಂದು ಅವರೇ ಎದ್ದರು. ವಿಶ್ವಾಸ ಪ್ರಮಾಣವನ್ನು ಮರೆಯಲ್ಲಿ ಹೇಳುವ ಅವಕಾಶವಿದ್ದರೂ ಒಲ್ಲೆನೆಂದು, ಎಲ್ಲ ಜನರ ಎದುರಿನಲ್ಲೇ ಹೇಳಿದರು. ಸಭೆಯೆಲ್ಲ ಸಂತೋಷದಿಂದ ಅವರ ಹೆಸರನ್ನು ಕೂಗಿತು.

ಓದುಗರೇ, ಮನೆಯಲ್ಲೇ ಪ್ರಾರ್ಥಿಸುತ್ತೇನೆ, ಮನೆಯಲ್ಲೇ ಬೈಬಲ್ ಓದುತ್ತೇನೆ, ದೇವಾಲಯಕ್ಕೇಕೆ ಬರಬೇಕು ಎನ್ನುವವರು ನಮ್ಮ ನಡುವೆಯೂ ಇಲ್ಲವೇ? ವಿಕ್ಟೋರಿನುಸರೂ ಹಾಗೆ ಕೇಳಿದವರೇ. ಗೋಡೆಗಳು ಯಾರನ್ನೂ ಕ್ರೈಸ್ತರನ್ನಾಗಿ ಮಾಡುವುದಿಲ್ಲ, ನಿಜ. ಆದರೆ ಆ ಗೋಡೆಗಳ ಒಳಗೆ ನಮಗಾಗಿ ಕಾದಿರುವ ಸೋದರ ಸೋದರಿಯರಿದ್ದಾರೆ.

386ರಲ್ಲಿ ಮಿಲಾನಿನ ತೋಟದಲ್ಲಿ ಅಳುತ್ತಿದ್ದ ಅಗಸ್ಟೀನರಿಗೆ, ಎತ್ತಿಕೊಂಡು ಓದು ಎಂದು ಹಾಡುವ ಮಗುವಿನ ದನಿ ಕೇಳಿತು. ರೋಮನರಿಗೆ ಬರೆದ ಪತ್ರವನ್ನು ತೆರೆದು ಓದಿದರು, ಮನಸ್ಸು ಬದಲಾಯಿತು. ಅಲ್ಲಿಯೂ ಅವರು ಒಂಟಿಯಲ್ಲ. ಗೆಳೆಯ ಅಲಿಪಿಯುಸ್ ಹತ್ತಿರದಲ್ಲೇ ಇದ್ದರು. ವಿಶ್ವಾಸದಲ್ಲಿ ದುರ್ಬಲನಾದವನನ್ನು ಸ್ವೀಕರಿಸಿರಿ ಎಂಬ ಅರ್ಥದ ಮುಂದಿನ ವಾಕ್ಯವನ್ನು ಓದಿ, ಇದು ನನಗೆ ಎಂದು ಅವರೂ ಜೊತೆಯಾದರು.

ಇಷ್ಟಾದ ಮೇಲೆ ಎಲ್ಲವೂ ಸುಲಭವಾಯಿತೇ? ಇಲ್ಲ. ಯಾವ ಪುಸ್ತಕ ಓದಲಿ ಎಂದು ಅಂಬ್ರೋಸರಿಗೆ ಪತ್ರ ಬರೆದು ಕೇಳಿದಾಗ, ಪ್ರವಾದಿ ಯೆಶಾಯನ ಗ್ರಂಥ ಓದಿರಿ ಎಂದು ಉತ್ತರ ಬಂತು. ಮೊದಲ ಭಾಗವೇ ಅರ್ಥವಾಗಲಿಲ್ಲ. ಅಗಸ್ಟೀನರು ಎರಡನೆಯ ಸಲ ಗ್ರಂಥ ಮುಚ್ಚಿಟ್ಟರು. ಆದರೆ ಈ ಸಲ ಅವರು ಗ್ರಂಥವನ್ನು ಹಳಿಯಲಿಲ್ಲ. ಪ್ರಭುವಿನ ಮಾತಿನಲ್ಲಿ ಇನ್ನಷ್ಟು ಪಳಗಿದ ಮೇಲೆ ಓದುತ್ತೇನೆಂದು ಇರಿಸಿ, ಕೀರ್ತನೆಗಳನ್ನು ಪ್ರಾರ್ಥಿಸತೊಡಗಿದರು. 387ರ ತಪಸ್ಸುಕಾಲದಲ್ಲಿ ದೀಕ್ಷಾರ್ಥಿಗಳ ಪಟ್ಟಿಯಲ್ಲಿ ಹೆಸರು ಬರೆಸಿ, ಪಾಸ್ಕ ಜಾಗರಣೆಯ ರಾತ್ರಿ ಮಗ ಅದಿಯೊದಾತುಸ್ ಮತ್ತು ಅಲಿಪಿಯುಸರೊಂದಿಗೆ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು. ದೇವಾಲಯದಲ್ಲಿ ಜನ ಹಾಡುವುದನ್ನು ಕೇಳಿ ಅವರ ಕಣ್ಣು ತುಂಬುತ್ತಿತ್ತು. ಅದೇ ವರ್ಷ ಮೋನಿಕಾ ಒಸ್ತಿಯ ಬಂದರಿನಲ್ಲಿ ಪ್ರಭುವಿನ ಪಾದ ಸೇರಿದರು.

ಹಿಪ್ಪೋ ಜನರ ಗುರು

ಊರಿಗೆ ಮರಳಿದ ಅಗಸ್ಟೀನರು ಗೆಳೆಯರೊಂದಿಗೆ ಪ್ರಾರ್ಥನೆ, ಅಧ್ಯಯನಗಳಲ್ಲಿ ಶಾಂತವಾಗಿ ಇರಬಯಸಿದ್ದರು. 391ರಲ್ಲಿ ಒಬ್ಬ ಗೆಳೆಯನನ್ನು ಕಾಣಲು ಹಿಪ್ಪೋ ಎಂಬ ಬಂದರು ಪಟ್ಟಣಕ್ಕೆ ಬಂದರು. ಅಂದಿನ ದಿನಗಳಲ್ಲಿ ಯೋಗ್ಯರನ್ನು ಜನರೇ ಹಿಡಿದು ಧರ್ಮಾಧ್ಯಕ್ಷರನ್ನಾಗಿ ಮಾಡುವುದುಂಟು. ಆದರೆ ಹಿಪ್ಪೋವಿನಲ್ಲಿ ಧರ್ಮಾಧ್ಯಕ್ಷ ವಲೇರಿಯುಸರು ಇದ್ದುದರಿಂದ ಭಯವಿಲ್ಲವೆಂದುಕೊಂಡರು. ಆ ದಿನ ವಲೇರಿಯುಸರು ತಮಗೊಬ್ಬ ಗುರು ಬೇಕೆಂದು ಸಭೆಗೆ ಹೇಳಿದ್ದೇ ತಡ, ಜನರು ಅಗಸ್ಟೀನರನ್ನು ಹಿಡಿದು ಮುಂದೆ ತಂದರು. ಅವರು ಅತ್ತರು. ದೊಡ್ಡ ಪದವಿ ಸಿಗಲಿಲ್ಲವೆಂದು ಅಳುತ್ತಿದ್ದಾರೆಂದು ತಿಳಿದ ಕೆಲವರು ಸಮಾಧಾನವನ್ನೂ ಹೇಳಿದರು!

ಗುರುದೀಕ್ಷೆಯ ನಂತರ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ವಲೇರಿಯುಸರಿಗೆ ಪತ್ರ ಬರೆದು ಬಿಡುವು ಬೇಡಿದ್ದು. ತನ್ನ ರಕ್ಷಣೆಗೆ ಬೇಕಾದುದನ್ನು ತಾನು ಬಲ್ಲೆ, ಆದರೆ ಇತರರ ರಕ್ಷಣೆಗಾಗಿ ಅದನ್ನು ಬಡಿಸುವುದು ಹೇಗೆಂದು ಅರಿಯೆ. ಪಾಸ್ಕ ಹಬ್ಬದವರೆಗೆ ಪವಿತ್ರ ಗ್ರಂಥವನ್ನು ಓದಿ ಪ್ರಾರ್ಥಿಸಲು ಸಮಯ ಕೊಡಿ ಎಂಬುದು ಪತ್ರದ ಸಾರ. ಸೆಮಿನರಿಯಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿ ಬಂದ ನನ್ನಂಥ ಗುರುಗಳು ಈ ಪತ್ರವನ್ನು ಆಗಾಗ ನೆನೆಯುವುದು ಒಳ್ಳೆಯದು. ತನಗಾಗಿ ಓದುವುದು ಒಂದು. ಎದುರಿಗಿರುವ ಜನರಿಗಾಗಿ ಓದುವುದು ಇನ್ನೊಂದು.

ಕೆಲವೇ ವರ್ಷಗಳಲ್ಲಿ ಅವರೇ ಧರ್ಮಾಧ್ಯಕ್ಷರಾದರು. ಮೂವತ್ತಕ್ಕೂ ಹೆಚ್ಚು ವರ್ಷ ಹಿಪ್ಪೋವಿನ ಜನರಿಗೆ ದೇವರ ವಾಕ್ಯವನ್ನು ಬಡಿಸಿದರು. ಅವರು ಕುಳಿತು ಬೋಧಿಸುತ್ತಿದ್ದರು, ಜನರು ನಿಂತು ಕೇಳುತ್ತಿದ್ದರು. ಮೆಚ್ಚಿದರೆ ಕೂಗುತ್ತಿದ್ದರು. ಬರಹಗಾರರು ಪಕ್ಕದಲ್ಲಿದ್ದು ಬರೆದುಕೊಳ್ಳುತ್ತಿದ್ದರು. ಹೀಗೆ ಉಳಿದ ಪ್ರಬೋಧನೆಗಳು 500ಕ್ಕೂ ಹೆಚ್ಚು. ಯೊವಾನ್ನನ ಶುಭಸಂದೇಶದ ಮೇಲಿನ 124 ಬೋಧನೆಗಳು ಹಾಗೂ 150 ಕೀರ್ತನೆಗಳ ವಿವರಣೆ ಬೇರೆ. ಓದು ಬಾರದ ಎಷ್ಟೋ ಮಂದಿ ಆ ಗುಂಪಿನಲ್ಲಿದ್ದರು. ಕಿವಿಯೇ ಅವರ ಬೈಬಲ್.

ಆ ಕಿವಿ ಎಷ್ಟು ಸೂಕ್ಷ್ಮವೆಂದು ತಿಳಿಯಬೇಕೇ? ಓಯ ಎಂಬ ಪಟ್ಟಣದಲ್ಲಿ ಧರ್ಮಾಧ್ಯಕ್ಷರೊಬ್ಬರು ಸಂತ ಜೆರೋಮರ ಹೊಸ ಅನುವಾದದಿಂದ ಯೋನನ ಗ್ರಂಥ ಓದಿಸಿದರು. ಯೋನನಿಗೆ ನೆರಳು ಕೊಟ್ಟ ಗಿಡದ ಹೆಸರು ಅದರಲ್ಲಿ ಬೇರೆಯಾಗಿತ್ತು. ತಲೆಮಾರುಗಳಿಂದ ಕೇಳಿದ್ದ ಮಾತು ಬದಲಾದದ್ದಕ್ಕೆ ಜನರು ಗದ್ದಲವೆಬ್ಬಿಸಿದರು. ಧರ್ಮಾಧ್ಯಕ್ಷರು ತಮ್ಮ ಮಂದೆಯನ್ನೇ ಕಳೆದುಕೊಳ್ಳುವ ಹಾಗಾಯಿತು. ಅಗಸ್ಟೀನರು 403ರಲ್ಲಿ ಈ ಸಂಗತಿಯನ್ನು ಜೆರೋಮರಿಗೆ ಬರೆದು ತಿಳಿಸಿದರು. ಇಂದು ಭಾನುವಾರದ ವಾಚನದಲ್ಲಿ ಒಂದು ಪದ ಬದಲಾದರೆ ನಮ್ಮಲ್ಲಿ ಎಷ್ಟು ಮಂದಿ ಗುರುತಿಸಿಯಾರು?

ಕಲಿಸುವವರ ಕಷ್ಟವೂ ಅಗಸ್ಟೀನರಿಗೆ ಗೊತ್ತಿತ್ತು. ಹೊಸಬರಿಗೆ ಧರ್ಮೋಪದೇಶ ಮಾಡಿ ಮಾಡಿ ತನಗೇ ಬೇಸರ ಬಂದಿದೆ ಎಂದು ಕಾರ್ಥೇಜಿನ ದೆಯೊಗ್ರಾತಿಯಾಸ್ ಎಂಬ ಡೀಕನ್ ದೂರಿದಾಗ, ಅವರಿಗಾಗಿ ಒಂದು ಪುಸ್ತಕವನ್ನೇ ಬರೆದರು. ಕಲಿಯುವವರ ಮೇಲಿನ ಪ್ರೀತಿಯಿದ್ದರೆ ಹಳೆಯ ಪಾಠವೂ ಹೊಸದಾಗುತ್ತದೆ. ನಿಂತು ದಣಿದವರಿಗೆ ಕೂರಲು ಆಸನ ಕೊಡಿ ಎಂಬಷ್ಟು ಸಣ್ಣ ಸಂಗತಿಯೂ ಅದರಲ್ಲಿದೆ.

ಪವಿತ್ರ ಗ್ರಂಥವನ್ನು ಅರ್ಥಮಾಡಿಕೊಳ್ಳುವ ಬಗೆಯನ್ನು ಕುರಿತ ಅವರ ಇನ್ನೊಂದು ಪುಸ್ತಕದ ಮುನ್ನುಡಿ, ದೇವರೇ ನೇರವಾಗಿ ತಿಳಿಸುವಾಗ ಮನುಷ್ಯರಿಂದೇಕೆ ಕಲಿಯಬೇಕು ಎನ್ನುವವರಿಗೆ ಉತ್ತರ. ಪೌಲನನ್ನು ಪ್ರಭುವೇ ಕರೆದರೂ ಅನನೀಯನ ಬಳಿಗೆ ಕಳುಹಿಸಲಿಲ್ಲವೇ? ಕೊರ್ನೇಲಿಯನಿಗೆ ದೇವದೂತ ಕಾಣಿಸಿಕೊಂಡರೂ ಪೇತ್ರನನ್ನು ಕರೆಸಿಕೊಳ್ಳಬೇಕಾಗಲಿಲ್ಲವೇ? ಮನುಷ್ಯರು ಒಬ್ಬರಿಂದೊಬ್ಬರು ಕಲಿಯಬೇಕಿಲ್ಲದಿದ್ದರೆ, ಅವರನ್ನು ಒಂದಾಗಿ ಕಟ್ಟುವ ಪ್ರೀತಿಗೆ ದಾರಿಯೇ ಇರುತ್ತಿರಲಿಲ್ಲ ಎಂಬುದು ಅವರ ವಾದ. ದೇವರ ಮೇಲಿನ ಹಾಗೂ ನೆರೆಯವರ ಮೇಲಿನ ಪ್ರೀತಿಯನ್ನು ಬೆಳೆಸದ ಓದು ಗ್ರಂಥವನ್ನು ಅರಿತ ಓದಲ್ಲ ಎಂದೂ ಅವರು ಕಲಿಸಿದರು.

430ರಲ್ಲಿ ವಂಡಾಲರ ಸೈನ್ಯ ಹಿಪ್ಪೋವನ್ನು ಮುತ್ತಿತ್ತು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಎಪ್ಪತ್ತೈದರ ಧರ್ಮಾಧ್ಯಕ್ಷರು ಜ್ವರದಿಂದ ಮಲಗಿದ್ದರು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ, ಹಾಸಿಗೆಯಿಂದ ಕಾಣುವಂತೆ ಗೋಡೆಗೆ ತೂಗುಹಾಕಿಸಿದರು. ಅವನ್ನು ಓದುತ್ತಾ, ಅಳುತ್ತಾ, ಪ್ರಾರ್ಥಿಸುತ್ತಾ ಆಗಸ್ಟ್ 28ರಂದು ಕಣ್ಣು ಮುಚ್ಚಿದರು. ಮರಣಶಾಸನ ಬರೆಯಲು ಅವರ ಬಳಿ ಆಸ್ತಿ ಇರಲಿಲ್ಲ. ಸಭೆಯ ಗ್ರಂಥಾಲಯವನ್ನು ಜೋಪಾನವಾಗಿಡಿ ಎಂದಷ್ಟೇ ಹೇಳಿದ್ದರು. ಹತ್ತೊಂಬತ್ತರಲ್ಲಿ ಮುಚ್ಚಿಟ್ಟ ಗ್ರಂಥ, ಕೊನೆಯ ಗಳಿಗೆಯಲ್ಲಿ ಗೋಡೆಯ ಮೇಲೆ ತೆರೆದೇ ಇತ್ತು.

ಪ್ರಿಯ ಓದುಗರೇ, ನಿಮ್ಮ ಮನೆಯ ಬೈಬಲ್ ಅರ್ಥವಾಗದೆ ಮುಚ್ಚಿಕೊಂಡಿದ್ದರೆ ಅದನ್ನು ತಪ್ಪೆಂದು ಭಾವಿಸಿ ಸುಮ್ಮನಾಗಬೇಡಿ. ಅದನ್ನು ಹಿಡಿದುಕೊಂಡು ನಿಮ್ಮ ಧರ್ಮಕೇಂದ್ರಕ್ಕೆ ಬನ್ನಿ. ಶನಿವಾರ ರಾತ್ರಿ ಜಪಸರದ ನಂತರ ಮರುದಿನದ ಶುಭಸಂದೇಶವನ್ನು ಮನೆಮಂದಿಯೆಲ್ಲ ಒಟ್ಟಿಗೆ ಓದಿ. ಅರ್ಥವಾಗದ ಮಾತನ್ನು ಪೂಜೆ ಮುಗಿದ ಮೇಲೆ ನಿಮ್ಮ ಗುರುಗಳನ್ನು ಕೇಳಿ. ಅವರಿಗೂ ಓದುವ ಒತ್ತಾಸೆ ಸಿಗಲಿ. ಓದಿಕೊಂಡ ಮಕ್ಕಳು ಧರ್ಮೋಪದೇಶ ತರಗತಿಯ ಚಿಕ್ಕವರಿಗೆ ಹೇಳಿಕೊಡಲಿ. ಓದಲು ಬಾರದ ಅಜ್ಜಿಯ ಬಾಯಲ್ಲಿರುವ ಕೀರ್ತನೆಯನ್ನು ನಾವು ಕೇಳಿಸಿಕೊಳ್ಳೋಣ. ಮಿಲಾನಿನ ಭಕ್ತರ ನಡುವೆ ನಿಂತಿದ್ದ ಆ ಅಧ್ಯಾಪಕನಿಗೆ ಗ್ರಂಥ ತೆರೆದುಕೊಟ್ಟ ಪವಿತ್ರಾತ್ಮರು, ನಮ್ಮ ಊರಿನ ದೇವಾಲಯದಲ್ಲಿಯೂ ಇದ್ದಾರೆ.