ಸಾಬು: ಆನೆ ಲಾಯದಲ್ಲಿ ಬೆಳೆದು ವಿಶ್ವವಿಖ್ಯಾತನಾದ ಮಾವುತನ ಮಗ

ಘಟಪ್ರಭೆಯ ದಂಡೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಕ್ಕಲು ಮನೆಗಳಲ್ಲಿ ಎತ್ತು, ಕುದುರೆಗಳ ಆರೈಕೆ ಮಾಡುತ್ತಲೇ ಬೆಳೆದು ದೊಡ್ಡವರಾದವರು ಅಸಂಖ್ಯ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುವ, ಜಾತ್ರೆಯ ಗಾಡಿ ಓಟಕ್ಕೆ ಕುದುರೆಯನ್ನು ಸಜ್ಜುಗೊಳಿಸುವ ಬಾಲಕನಿಗೆ ಹೊಣೆಗಾರಿಕೆಯನ್ನು ಬೇರೆ ಯಾರೂ ಕಲಿಸಬೇಕಿಲ್ಲ. ಮೂಕಪ್ರಾಣಿಯ ಹಸಿವು ತನ್ನ ಹಸಿವಿಗಿಂತ ಮೊದಲು ಎಂಬ ಅರಿವು ಆತನಿಗೆ ತಾನಾಗಿಯೇ ಬರುತ್ತದೆ. ನಾಡಿನ ದಕ್ಷಿಣದ ಅಂಚಿನಲ್ಲಿ, ಕಪಿಲಾ ನದಿಯ ದಂಡೆಯಲ್ಲಿ ಇದೇ ಪಾಠವನ್ನು ಆನೆಗಳಿಂದ ಕಲಿತ ಅನಾಥ ಬಾಲಕನೊಬ್ಬ ತನ್ನ 13ನೆಯ ವಯಸ್ಸಿನಲ್ಲಿ ವಿಶ್ವವಿಖ್ಯಾತನಾದ. ಹಾಲಿವುಡ್‌ನಲ್ಲಿ ತಾರೆಯಾಗಿ ಮೆರೆದ ಆ ಕನ್ನಡ ನೆಲದ ಕುಡಿಯೇ ಸಾಬು.

ಸಾಬು ಜನಿಸಿದ್ದು 1924ರ ಜನವರಿ 27ರಂದು, ಅಂದಿನ ಮೈಸೂರು ಸಂಸ್ಥಾನದ ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ. ತಂದೆ ಮಹಾರಾಜರ ಸೇವೆಯಲ್ಲಿದ್ದ ಮಾವುತ. ಸುತ್ತಲಿನ ಕಾಕನಕೋಟೆ ಅರಣ್ಯವು ಖೆಡ್ಡಾ ಕಾರ್ಯಾಚರಣೆಗೆ ಹೆಸರಾಗಿತ್ತು. 1870ರ ದಶಕದಲ್ಲಿ ಜಿ.ಪಿ. ಸ್ಯಾಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಮೈಸೂರು ಸೀಮೆಯಲ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ ಕಾಡಾನೆಗಳ ಹಿಂಡನ್ನೇ ಬಲವಾದ ಆವರಣದೊಳಕ್ಕೆ ಅಟ್ಟಲಾಗುತ್ತಿತ್ತು. ಬಳಿಕ ಪಳಗಿದ ಆನೆಗಳ ಮೇಲೇರಿ ಒಳಹೊಕ್ಕ ಮಾವುತರು ಕಾಡಾನೆಗಳ ಕಾಲಿಗೆ ಹಗ್ಗ ಬಿಗಿಯುತ್ತಿದ್ದರು. ತಮ್ಮ ಆನೆಯ ಮೇಲಿನ ನಂಬಿಕೆಯ ಹೊರತು ಅವರಿಗೆ ಅಲ್ಲಿ ಬೇರೆ ರಕ್ಷಣೆ ಇರಲಿಲ್ಲ.

ಲಾಯವೇ ಮನೆ

ಸಾಬು ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ತಂದೆಯೂ ಇಲ್ಲವಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಆ ದಿನಗಳಲ್ಲಿ ಬಾಲಕನಿಗೆ ಅರಮನೆಯ ಆನೆ ಲಾಯವೇ ಆಶ್ರಯವಾಯಿತು. ತಂದೆಯಿಂದ ಆಸ್ತಿಯಾಗಿ ಬಂದದ್ದು ಏನೂ ಇರಲಿಲ್ಲ. ಬಂದದ್ದು ಕಸುಬು ಮಾತ್ರ.

ಆನೆಯ ಆರೈಕೆ ಆಟದ ಮಾತಲ್ಲ. ಬೆಳೆದ ಆನೆಗೆ ದಿನಕ್ಕೆ 150 ಕಿಲೋಗೂ ಹೆಚ್ಚು ಮೇವು ಬೇಕು. ಸೊಪ್ಪು ಕಡಿದು ತರಬೇಕು, ಹೊಳೆಯಲ್ಲಿ ಮಲಗಿಸಿ ಮೈ ಉಜ್ಜಬೇಕು, ಪಾದದ ಅಡಿಯಲ್ಲಿ ಮುಳ್ಳು, ಹುಣ್ಣುಗಳಿವೆಯೇ ಎಂದು ನೋಡಬೇಕು. ಕತ್ತಿನ ಮೇಲೆ ಕುಳಿತವನು ಕಿವಿಯ ಹಿಂದೆ ಕಾಲ್ಬೆರಳಿನಿಂದ ಒತ್ತಿ ದಾರಿ ತೋರಿಸಬೇಕು. ಸಾವಿರಾರು ಕಿಲೋ ತೂಕದ ಪ್ರಾಣಿಯನ್ನು ಬಾಲಕನೊಬ್ಬ ತೋಳ್ಬಲದಿಂದ ಆಳಲಾರ. ಅದರ ಮನಸ್ಸನ್ನು ಓದಬಲ್ಲವನಿಗೆ ಮಾತ್ರ ಅದು ಮಣಿಯುತ್ತದೆ. ಅವಸರಪಡದಿರುವುದು, ಅಂಜಿದರೂ ಅಂಜಿಕೆಯನ್ನು ತೋರಗೊಡದಿರುವುದು, ಕೊಟ್ಟ ಭರವಸೆಯನ್ನು ತಪ್ಪದಿರುವುದು, ಇವೆಲ್ಲ ಶಾಲೆಯ ಪಾಠಗಳಿಗಿಂತ ಮೊದಲೇ ಸಾಬುವಿನ ಸ್ವಭಾವವಾದವು.

ಕ್ಯಾಮೆರಾ ಕಂಡ ಬಾಲಕ

1935ರಲ್ಲಿ ಅಮೆರಿಕದ ಹೆಸರಾಂತ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ರಡ್ಯಾರ್ಡ್ ಕಿಪ್ಲಿಂಗ್‌ರ ಕತೆಯೊಂದನ್ನು ಆಧರಿಸಿ, ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರಿಗಾಗಿ ಚಿತ್ರ ಮಾಡುವುದು ಅವರ ಉದ್ದೇಶ. ಮಾವುತನ ಮಗನೇ ಅದರ ನಾಯಕ. ಆ ಪಾತ್ರಕ್ಕೆ ತಕ್ಕ ಬಾಲಕನ ಹುಡುಕಾಟ ನಡೆದಾಗ, ತಂಡದ ಛಾಯಾಗ್ರಾಹಕ ಆಸ್ಮಂಡ್ ಬೊರಾಡೇಲ್ ಅವರ ಕಣ್ಣು ಲಾಯದಲ್ಲಿದ್ದ ಸಾಬುವಿನ ಮೇಲೆ ಬಿತ್ತು. ಅರಮನೆಯ ಐರಾವತ ಎಂಬ ಆನೆ ಚಿತ್ರದಲ್ಲಿ ಸಾಬುವಿನ ಜೊತೆಗಾರನಾಯಿತು.

ಕಾರಾಪುರದ ಸುತ್ತ ಚಿತ್ರೀಕರಣ ನಡೆದ ಬಳಿಕ ಉಳಿದ ಭಾಗಕ್ಕಾಗಿ ಸಾಬುವನ್ನು ಅಣ್ಣನೊಂದಿಗೆ ಇಂಗ್ಲೆಂಡಿಗೆ ಕರೆದೊಯ್ಯಲಾಯಿತು. ಅಲ್ಲಿನ ಭಾಗಗಳನ್ನು ಜೋಲ್ಟನ್ ಕೊರ್ಡಾ ನಿರ್ದೇಶಿಸಿದರು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ ಗಳಿಸಿತು. ಆನೆಯ ಸೊಂಡಿಲಿನ ಮೇಲೆ ಕಾಲಿಟ್ಟು ಸಲೀಸಾಗಿ ಕತ್ತಿಗೇರುವ ಬಾಲಕನನ್ನು ಕಂಡು ಪಾಶ್ಚಾತ್ಯ ಪ್ರೇಕ್ಷಕರು ಬೆರಗಾದರು. ಅವರು ಅದನ್ನು ಪೂರ್ವ ದೇಶದ ಸೋಜಿಗವೆಂದು ಬಗೆದರು. ವಾಸ್ತವವಾಗಿ ಅದು ವರ್ಷಗಟ್ಟಲೆ ಬೆವರು ಸುರಿಸಿ ಕಲಿತ ಕಸುಬಾಗಿತ್ತು.

ಅಲ್ಲಿಂದ ಸಾಬು ಹಿಂದಿರುಗಿ ನೋಡಲಿಲ್ಲ. 1938ರ ‘ದಿ ಡ್ರಮ್’ ಚಿತ್ರದಲ್ಲಿ ರಾಜಕುಮಾರನ ಪಾತ್ರ ದೊರೆಯಿತು. ಸಾಮ್ರಾಜ್ಯಶಾಹಿಯನ್ನು ವೈಭವೀಕರಿಸುವ ಆ ಚಿತ್ರಕ್ಕೆ ಮುಂಬಯಿಯಲ್ಲಿ ತೀವ್ರ ಪ್ರತಿಭಟನೆ ಎದುರಾಯಿತು. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಮೂರು ಆಸ್ಕರ್ ಪ್ರಶಸ್ತಿಗಳನ್ನು ಬಾಚಿಕೊಂಡಿತು. ಮಹಾಯುದ್ಧದ ಕಾರಣ ಇಂಗ್ಲೆಂಡಿನಲ್ಲಿ ನಿಂತ ಆ ಚಿತ್ರದ ಕೆಲಸ ಹಾಲಿವುಡ್‌ನಲ್ಲಿ ಪೂರ್ಣಗೊಂಡಿತು. ಹಾಗೆ ಸಾಬುವೂ ಅಮೆರಿಕ ಸೇರಿದ. 1942ರ ‘ಜಂಗಲ್ ಬುಕ್’ನಲ್ಲಿ ಮೌಗ್ಲಿಯಾಗಿ ಕಾಣಿಸಿಕೊಂಡಾಗ ಆತನಿಗೆ ಕೇವಲ 18 ವರ್ಷ.

ಯೋಧನಾದರೂ ‘ಹುಡುಗ’ನೇ

1944ರಲ್ಲಿ ಅಮೆರಿಕದ ಪೌರತ್ವ ಪಡೆದ ಸಾಬು, ಖ್ಯಾತಿಯ ತುತ್ತತುದಿಯಲ್ಲಿದ್ದಾಗಲೇ ಚಿತ್ರರಂಗ ಬಿಟ್ಟು ವಾಯುಪಡೆ ಸೇರಿದರು. ತಾರೆಯರಿಗೆ ಸುಲಭವಾಗಿ ಸಿಗುತ್ತಿದ್ದ ಪ್ರಚಾರದ ಹುದ್ದೆಯನ್ನು ಅವರು ಬಯಸಲಿಲ್ಲ. ಬಿ-24 ಲಿಬರೇಟರ್ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ರಣರಂಗದ ಮೇಲೆ ಹತ್ತಾರು ಬಾರಿ ಹಾರಾಟ ನಡೆಸಿದರು. ಅವರ ಶೌರ್ಯಕ್ಕೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಂದಿತು.

ಯುದ್ಧ ಮುಗಿಸಿ ಬಂದವರಿಗೆ ಚಿತ್ರರಂಗದಲ್ಲಿ ಕಾದಿದ್ದುದು ಹಳೆಯ ವೇಷವೇ. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದ ಪಾತ್ರವೊಂದನ್ನು ಬಿಟ್ಟರೆ, ಕಾಡು, ಹುಲಿ, ಆನೆಗಳ ನಡುವಿನ ಸಾಧಾರಣ ಚಿತ್ರಗಳೇ ಹೆಚ್ಚಾಗಿ ಅವರ ಪಾಲಿಗೆ ಬಂದವು. ಹಾಲಿವುಡ್ ಅವರಲ್ಲಿ ಕಂಡದ್ದು ಸದಾ ಆನೆಯ ಹುಡುಗನನ್ನು. ಎಳೆವಯಸ್ಸಿನಲ್ಲೇ ಹೊಣೆ ಹೊತ್ತು ಬೆಳೆದಿದ್ದ ವ್ಯಕ್ತಿಯನ್ನು ತೆರೆ ಬೆಳೆಯಗೊಡಲಿಲ್ಲ. 1957ರ ‘ಮದರ್ ಇಂಡಿಯಾ’ ಚಿತ್ರದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಮೊದಲು ಸಾಬು ಅವರನ್ನೇ ಆಲೋಚಿಸಿದ್ದರು. ಆದರೆ ಭಾರತದಲ್ಲಿ ದುಡಿಯಲು ಅನುಮತಿ ದೊರೆಯದೆ ಆ ಪಾತ್ರ ಸುನಿಲ್ ದತ್ ಅವರ ಪಾಲಾಯಿತು. ಜಗತ್ತನ್ನು ಗೆದ್ದ ಸಾಬು ಒಂದೂ ಭಾರತೀಯ ಚಿತ್ರದಲ್ಲಿ ನಟಿಸಲಿಲ್ಲ.

ಇಂಥ ಹೊತ್ತಿನಲ್ಲಿ ಕೈಹಿಡಿದದ್ದು ಮತ್ತೆ ಆನೆಗಳೇ. 1952ರಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್‌ನಲ್ಲಿ ಅವರು ಆನೆಗಳೊಂದಿಗೆ ಪ್ರದರ್ಶನ ನೀಡಿದರು. ಇದನ್ನು ತಾರೆಯೊಬ್ಬರ ಅವನತಿಯೆಂದು ಕಾಣಬಹುದು. ಆದರೆ ಬಾಲ್ಯದಲ್ಲಿ ಕೈಗೆ ಹತ್ತಿದ ವಿದ್ಯೆ ನಡುವಯಸ್ಸಿನಲ್ಲಿಯೂ ಅವರನ್ನು ಬಿಟ್ಟುಕೊಡಲಿಲ್ಲ ಎಂಬುದೂ ಅಷ್ಟೇ ನಿಜ.

1948ರಲ್ಲಿ ನಟಿ ಮರ್ಲಿನ್ ಕೂಪರ್ ಅವರನ್ನು ವರಿಸಿದ ಸಾಬು ಅವರಿಗೆ ಇಬ್ಬರು ಮಕ್ಕಳು. 1960ರಲ್ಲಿ ಹಾಲಿವುಡ್‌ನ ಕೀರ್ತಿಪಥದಲ್ಲಿ ಅವರ ಹೆಸರಿನ ನಕ್ಷತ್ರ ಸ್ಥಾಪನೆಯಾಯಿತು. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತ ಅವರನ್ನು ಕೊಂಡೊಯ್ದಾಗ ಅವರಿಗಿನ್ನೂ 39 ವರ್ಷ. ಮರಣಾನಂತರ, 1964ರಲ್ಲಿ ತೆರೆಕಂಡ ‘ಎ ಟೈಗರ್ ವಾಕ್ಸ್’ ಚಿತ್ರದಲ್ಲಿಯೂ ಅವರದು ಪ್ರಾಣಿಗಳನ್ನು ಪಳಗಿಸುವವನ ಪಾತ್ರವೇ ಆಗಿತ್ತು.

ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮುಂದೆ ಕಬಿನಿ ಜಲಾಶಯದ ಹಿನ್ನೀರು ಆ ಪ್ರದೇಶವನ್ನು ಆವರಿಸಿತು. ಬೇಸಿಗೆಯಲ್ಲಿ ನೀರು ಇಳಿದಾಗ ಹುಲ್ಲು ಮೇಯಲು ಬರುವ ಕಾಡಾನೆಗಳ ಹಿಂಡನ್ನು ನೋಡಲು ಇಂದು ದೇಶ ವಿದೇಶಗಳ ಪ್ರವಾಸಿಗರು ಕಾರಾಪುರಕ್ಕೆ ಬರುತ್ತಾರೆ. ಆ ನೆಲದ ಬಾಲಕನೊಬ್ಬ ಒಂದು ಕಾಲಕ್ಕೆ ಅವರ ದೇಶಗಳ ಚಿತ್ರಮಂದಿರಗಳನ್ನೆಲ್ಲ ತುಂಬಿಸಿದ್ದ ಎಂಬುದನ್ನು ಬಲ್ಲವರು ಅವರಲ್ಲಿ ವಿರಳ.

ಆದರೆ ಕಸುಬು ಮಾತ್ರ ಸಾಬು ಅವರೊಂದಿಗೆ ಮಣ್ಣಾಗಲಿಲ್ಲ. ಅವರ ಮಗಳು ಜಾಸ್ಮಿನ್ ಮುಂದೆ ಚಲನಚಿತ್ರಗಳಿಗಾಗಿ ಪ್ರಾಣಿಗಳನ್ನು ಪಳಗಿಸುವ ವೃತ್ತಿಯನ್ನೇ ಹಿಡಿದರು. ಕಾರಾಪುರದ ಮಾವುತನೊಬ್ಬ ತನ್ನ ಮಗನಿಗೆ ಬಿಟ್ಟುಹೋದ ಆಸ್ತಿ ಸಾಗರ ದಾಟಿ ಮೊಮ್ಮಗಳನ್ನೂ ತಲುಪಿತು.