ಸೂರ್ಯನ ಸದ್ದು ಆಲಿಸಿದ ರೂಬಿ ಪೇನ್-ಸ್ಕಾಟ್

ರೇಡಿಯೋ ಹಾಕಿದಾಗ ನಡುವೆ ಬರುವ ಕರಕರ ಸದ್ದು ಯಾರಿಗೂ ಬೇಡ. ಆಸ್ಟ್ರೇಲಿಯಾದ ರೂಬಿ ಪೇನ್-ಸ್ಕಾಟ್ ಅಂಥದ್ದೇ ಸದ್ದಿನ ಬೆನ್ನು ಹತ್ತಿದ ವಿಜ್ಞಾನಿ.

1912ರಲ್ಲಿ ಗ್ರಾಫ್ಟನ್ ಎಂಬ ಊರಿನಲ್ಲಿ ಹುಟ್ಟಿದ ಇವರು ಸಿಡ್ನಿಯಲ್ಲಿ ಭೌತಶಾಸ್ತ್ರ ಓದಿ, 1941ರಲ್ಲಿ ಯುದ್ಧಕಾಲದ ರಾಡಾರ್ ಪ್ರಯೋಗಾಲಯ ಸೇರಿದರು. ಯುದ್ಧ ಮುಗಿದ ಮೇಲೆ ಆ ಆಂಟೆನಾಗಳು ಸೂರ್ಯನತ್ತ ತಿರುಗಿದವು.

1947ರ ಮಾರ್ಚ್ 8ರಂದು ಸೂರ್ಯನಲ್ಲಿ ಭಾರೀ ಸ್ಫೋಟ. ರೂಬಿ ಮತ್ತು ಸಂಗಡಿಗರ ಯಂತ್ರಗಳಲ್ಲಿ ಸಂಕೇತ ಮೊದಲು 200 ಮೆಗಾಹರ್ಟ್ಸ್‌ನಲ್ಲಿ, ಕೆಲ ನಿಮಿಷ ಬಿಟ್ಟು 100ರಲ್ಲಿ, ಆಮೇಲೆ 60ರಲ್ಲಿ ಬಂತು. ಈ ಹಿಂದುಮುಂದೇ ದೊಡ್ಡ ಸುಳಿವು. ಸೂರ್ಯನ ಹೊರಕವಚ ಮೇಲೆ ಹೋದಂತೆ ತೆಳುವಾಗುತ್ತದೆ. ತೆಳುವಾದಷ್ಟೂ ಅಲ್ಲಿಂದ ಹೊರಡುವ ಅಲೆಯ ಕಂಪನಾಂಕ ಇಳಿಯುತ್ತದೆ. ಅಂದರೆ ಸ್ಫೋಟದಿಂದ ಏನೋ ಒಂದು ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಧಾವಿಸಿತ್ತು!

ಇಂಥವರಿಗೆ ಸರ್ಕಾರ ಕೊಟ್ಟದ್ದೇನು? ಮದುವೆಯಾದ ಹೆಂಗಸಿಗೆ ಅಲ್ಲಿ ಕಾಯಂ ಸರ್ಕಾರಿ ನೌಕರಿ ಇರಲಿಲ್ಲ. 1944ರಲ್ಲಿ ಆದ ಮದುವೆಯನ್ನು ರೂಬಿ ಮುಚ್ಚಿಟ್ಟಿದ್ದರು. 1950ರಲ್ಲಿ ಅದು ಬಯಲಾಗಿ ಕಾಯಂ ಹುದ್ದೆ ಹೋಯಿತು. ಮರುವರ್ಷ ಗರ್ಭಿಣಿ, ಹೆರಿಗೆ ರಜೆ ಇಲ್ಲದೆ ರಾಜೀನಾಮೆ ಕೊಟ್ಟರು. ಆಗ ಹುಟ್ಟಿದ ಮಗ ಪೀಟರ್ ಹಾಲ್ ಮುಂದೆ ಹೆಸರಾಂತ ಗಣಿತಜ್ಞರಾದರು. ರೂಬಿ ಶಾಲೆಯೊಂದರಲ್ಲಿ ಪಾಠ ಹೇಳಿ, 1981ರಲ್ಲಿ ತೀರಿಕೊಂಡರು. ಆಸ್ಟ್ರೇಲಿಯಾ ಆ ನಿಯಮ ತೆಗೆದುಹಾಕಿದ್ದು 1966ರಲ್ಲಿ.